ಗಣಕಪಠ್ಯದಲ್ಲಿ ಬೇಡವಾದ ತಿದ್ದುಪಡಿ: ಅಳಿಸುವುದೋ, ಹಿಂತಿರುಗಿಸುವುದೋ

ಹಳಗನ್ನಡ ಕಾವ್ಯವೊಂದರ ಗಣಕಪಠ್ಯವನ್ನು ಹಲವರು ಸೇರಿ ಸಿದ್ಧಪಡಿಸುತ್ತಿರುವಾಗ, ಅವರಲ್ಲೊಬ್ಬರು ಓದುಗರಿಗೆ ಅನುಕೂಲವಾಗಲೆಂದು ೞಕಾರಗಳನ್ನೆಲ್ಲ ಒಂದೇ ಆಜ್ಞೆಯಿಂದ ಳಕಾರಗಳನ್ನಾಗಿ ಬದಲಿಸಿದರೆಂದು ಭಾವಿಸಬಹುದು. ಕತ್ತಿಯೆಂಬ ಅರ್ಥದ ‘ಬಾಳ್’, ಬದುಕು ಎಂಬ ಅರ್ಥದ ‘ಬಾೞ್’ ಎರಡೂ ಆಗ ಒಂದೇ ರೂಪವನ್ನು ತಳೆಯುತ್ತವೆ. ಆಳುವ ‘ಆಳ್’, ಮುಳುಗುವ ‘ಆೞ್’ ಇವುಗಳ ಗತಿಯೂ ಅದೇ. ಕೇಶಿರಾಜನು ರಳ, ಕುಳ, ಕ್ಷಳಗಳೆಂದು ಬೇರ್ಪಡಿಸಿ ತೋರಿಸಿದ ಭೇದ ಕ್ಷಣಾರ್ಧದಲ್ಲಿ ಅಳಿಯುತ್ತದೆ. ಇದನ್ನು ಮತ್ತೊಂದು ಆಜ್ಞೆಯಿಂದ ಸರಿಪಡಿಸಲು ಬರುವುದಿಲ್ಲ. ಯಾವ ಳಕಾರ ಮೂಲದ್ದು, ಯಾವುದು ಬದಲಾವಣೆಯಿಂದ ಬಂದದ್ದು ಎಂಬ ಕುರುಹು ಪಠ್ಯದಲ್ಲಿ ಉಳಿದಿರುವುದಿಲ್ಲ. ಹಸ್ತಪ್ರತಿಯೊಡನೆ ಮೊದಲಿನಿಂದ ಹೋಲಿಸುವ ಶ್ರಮ ತಪ್ಪಬೇಕಾದರೆ ಬದಲಾವಣೆಗಳ ಚರಿತ್ರೆಯೊಂದೇ ಗತಿ.

ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕರ್ನೆಲ್‌ಗಾಗಿ ರೂಪಿಸಿದ ಗಿಟ್ ಎಂಬ ವ್ಯವಸ್ಥೆ ಇಂತಹ ಚರಿತ್ರೆಯನ್ನು ಕಾಪಾಡುತ್ತದೆ. ಅದರಲ್ಲಿ ಪ್ರತಿಯೊಂದು ದಾಖಲೆಗೂ, ಅಂದರೆ ಕಮಿಟ್‌ಗೂ, ಅದರ ಹಿಂದಿನ ಕಮಿಟ್‌ನ ಗುರುತನ್ನೂ ಒಳಗೊಂಡ ಒಂದು ಗುರುತಿರುತ್ತದೆ. ಬೇಡವಾದ ಬದಲಾವಣೆಯನ್ನು ತೆಗೆಯಲು ಇಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ರಿವರ್ಟ್ ಎಂಬುದು ಹಳೆಯ ಕಮಿಟ್‌ನ್ನು ಮುಟ್ಟದೆ, ಅದಕ್ಕೆ ವಿರುದ್ಧವಾದ ಹೊಸ ಕಮಿಟ್ ಒಂದನ್ನು ಸೇರಿಸುತ್ತದೆ. ರಿಸೆಟ್, ರಿಬೇಸ್‌ಗಳಾದರೋ ಆ ಕಮಿಟ್‌ನ್ನೇ ಸರಣಿಯಿಂದ ಕಿತ್ತುಹಾಕಬಲ್ಲವು. ನಡುವಿನದೊಂದನ್ನು ಕಿತ್ತರೆ ಅದರ ಮುಂದಿನವೆಲ್ಲವುಗಳ ಗುರುತೂ ಬದಲಾಗುತ್ತದೆ. ಹಳೆಯ ಸರಣಿಯನ್ನು ಇಟ್ಟುಕೊಂಡ ಸಹಸಂಪಾದಕರ ಪ್ರತಿಗಳು ಬೇರೆಯೇ ಶಾಖೆಯಾಗುತ್ತವೆ. ಯಾರೂ ನೋಡದ ಸ್ವಂತ ಕರಡಿನಲ್ಲಿ ಇದು ದೋಷವಲ್ಲ. ಹಂಚಿಕೊಂಡ ಭಂಡಾರದಲ್ಲಿ ಮಾತ್ರ ಅಕ್ಷಮ್ಯವೆಂದೇ ಹೇಳಬೇಕು.

ಗ್ರಂಥಸಂಪಾದನೆಯಲ್ಲಿ ಪಳಗಿದವರಿಗೆ ಈ ನಿಲುವು ಹೊಸದಾಗಿ ತೋರಲಾರದು. ಪುಣೆಯ ಭಂಡಾರಕರ್ ಸಂಸ್ಥೆಯ ಮಹಾಭಾರತದ ಪರಿಷ್ಕರಣದಲ್ಲಿ ಸುಕ್ಥಣಕರ್ ಅವರೂ ಅವರ ನಂತರದವರೂ ಪ್ರಕ್ಷಿಪ್ತಗಳೆಂದು ಕೈಬಿಟ್ಟ ಭಾಗಗಳನ್ನು ಅಡಿಟಿಪ್ಪಣಿ, ಅನುಬಂಧಗಳಲ್ಲಿ ಉಳಿಸಿಕೊಂಡರು. 1966ರಲ್ಲಿ ಮುಗಿದ ಆ ಸಂಪಾದನೆಯ ನಿರ್ಣಯಗಳನ್ನು ಒಪ್ಪದವರೂ ಅವರೇ ಉಳಿಸಿದ ಸಾಮಗ್ರಿಯಿಂದ ವಾದಿಸಬಲ್ಲರು. ತಾಳೆಗರಿಯ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವ ವಿದ್ವಾಂಸರು ಗಣಕದ ಮುಂದೆ ಕುಳಿತೊಡನೆ ‘ಚೊಕ್ಕ ಚರಿತ್ರೆ’ಗೆ ಮನಸೋಲುವುದು ವಿಚಿತ್ರ.

ಯೂನಿಕೋಡ್‌ನಲ್ಲಿ ಇದೇ ೞಕಾರಕ್ಕೆ ಒದಗಿದ ಪಾಡನ್ನು ಇಲ್ಲಿ ನೆನೆಯಬಹುದು. ಅದಕ್ಕೆ ಅಲ್ಲಿ ‘ಫಾ’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಆ ಹೆಸರು ಹಾಗೆಯೇ ಇದ್ದು, ಸರಿಯಾದುದನ್ನು ತಿದ್ದುಪಡಿಯ ಪರ್ಯಾಯನಾಮವಾಗಿ ಸೇರಿಸಲಾಗಿದೆ. ನೋಡಲು ಅಂದವಿಲ್ಲ, ನಿಜ. ಆದರೆ ಹಳೆಯ ಹೆಸರನ್ನು ನೆಚ್ಚಿದ ಯಾವ ತಂತ್ರಾಂಶವೂ ಅದರಿಂದ ಕೆಡಲಿಲ್ಲ.

ಅಪವಾದಗಳಿಲ್ಲವೆಂದಲ್ಲ. ಹಸ್ತಪ್ರತಿ ಕೊಟ್ಟ ಮನೆಯವರ ಖಾಸಗಿ ವಿವರವೋ, ಗುಪ್ತಪದವೋ ಕೈತಪ್ಪಿ ಸೇರಿಕೊಂಡರೆ ರಿವರ್ಟ್ ಸಾಲದು. ಹಳೆಯ ಕಮಿಟ್‌ನಲ್ಲಿ ಅದು ಓದಲು ಸಿಗುತ್ತಲೇ ಇರುತ್ತದೆ. ಅಲ್ಲಿ ಚರಿತ್ರೆಯನ್ನೇ ತಿದ್ದಬೇಕು, ಎಲ್ಲರಿಗೂ ತಿಳಿಸಿ ತಿದ್ದಬೇಕು, ಗುಪ್ತಪದವನ್ನಂತೂ ಬದಲಿಸಿಯೇ ತೀರಬೇಕು.

ರಿವರ್ಟ್ ಕೂಡ ನಿರಾಯಾಸವಲ್ಲ. ೞಕಾರ ಹೋದ ಸಾಲುಗಳನ್ನೇ ಆಮೇಲೆ ಬೇರೊಬ್ಬರು ತಿದ್ದಿದ್ದರೆ ಗಿಟ್ ಸಂಘರ್ಷವೆಂದು ಸೂಚಿಸಿ ನಿಲ್ಲುತ್ತದೆ. ಅಲ್ಲಿಂದಾಚೆ ಸಾಲು ಸಾಲನ್ನೂ ನೋಡಿ ನಿರ್ಣಯಿಸಬೇಕಾದವರು ವ್ಯಾಕರಣ ಬಲ್ಲವರೇ ಹೊರತು ಯಂತ್ರವಲ್ಲ. ಯಾರು, ಯಾವಾಗ, ಯಾವ ಕಮಿಟ್‌ನ್ನು ಹಿಂತೆಗೆದರೆಂಬುದನ್ನು ಗಿಟ್ ತಾನೇ ಬರೆದುಕೊಳ್ಳುತ್ತದೆ. ಕಾರಣದ ಜಾಗವನ್ನು ಸಂಪಾದಕರೇ ತುಂಬಬೇಕು, ಅದೂ ಕನ್ನಡದಲ್ಲಿ.