ಕೇಳದೆಯೇ ಹೇಳಬೇಕಾದ ಲೆಕ್ಕ

ಸರಕಾರದ ದಫ್ತರದಲ್ಲಿ ಪ್ರಜೆಗೂ ಹಕ್ಕುಂಟೆಂಬುದನ್ನು ಕರ್ನಾಟಕವು ದಿಲ್ಲಿಗಿಂತ ಮೊದಲೇ, 2000ರ ಕಾಯದೆಯಿಂದ ಒಪ್ಪಿಕೊಂಡಿತು. 2005ರ ಕೇಂದ್ರ ಮಾಹಿತಿ ಹಕ್ಕಿನ ಕಾಯದೆಯ 4ನೆಯ ಕಲಮಂತೂ ಸಹಾಯಧನ ಪಡೆದವರ ವಿವರವೇ ಮೊದಲಾದ 17 ಬಗೆಯ ಸಂಗತಿಗಳನ್ನು ಯಾರೂ ಕೇಳದೆಯೇ ಪ್ರಕಟಿಸತಕ್ಕದ್ದೆಂದು ವಿಧಿಸಿರುವದು.

ಹೀಗಿರಲು, 2019ರಲ್ಲಿ ಮಲಪ್ರಭೆಯ ನೆರೆಗೆ ತುತ್ತಾದ ಸೀಮೆಯ ಮೆಣಸಗಿಯ ರೈತನು ಪರಿಹಾರದ ಯಾದಿಯನ್ನು ಕಾಣಬೇಕಾದರೆ, 150 ಶಬ್ದ ಮೀರದ ಅರ್ಜಿ ಬರೆದು 30 ದಿನ ಏಕೆ ಕಾಯಬೇಕು? ಪ್ರಜೆಯ ಮಾತಿಗೆ ಮಿತಿಯುಂಟು. ಕಚೇರಿಯ ಮೌನಕ್ಕೆ ಮಿತಿ ಬೇಡವೆ?

ಅರ್ಜಿಗಳು ಹೊರೆಯಾದವೆಂದು ಅಧಿಕಾರಿಗಳು ಗೊಣಗುವದುಂಟು. ಆ ಹೊರೆಯನ್ನು ಹೆತ್ತುದು ಮುಚ್ಚಿಟ್ಟ ಕಡತವೇ! ಪಂಚಾಯತಿಯ ಗೋಡೆಗೆ ಯಾದಿ ಅಂಟಿಸಲು ವೆಚ್ಚವೆಷ್ಟು? ಗೋಡೆಯ ಮೇಲೆ ಯಾದಿ ಕಾಣದ ಊರಿನಲ್ಲಿ ಕಟ್ಟೆಯ ಮೇಲೆ ಸಂಶಯವು ಕುಳಿತಿರುವದು. ಅದಕ್ಕೆ ಪ್ರಜೆಯನ್ನು ದೂರಿ ಫಲವೇನು?