ಕಾಲೇಜು ಬರಲಿ, ಅದಕ್ಕೂ ಮೊದಲು ಸೂಜಿ ಬರಲಿ

2025ರ ರಾಜ್ಯ ಬಜೆಟ್‌ನಲ್ಲಿ ಪುತ್ತೂರಿಗೆ ಸರಕಾರಿ ಮೆಡಿಕಲ್ ಕಾಲೇಜು ಘೋಷಣೆಯಾದ ಮೇಲೆ ಇಲ್ಲಿನ ಚರ್ಚೆಯೆಲ್ಲ ಅದು ಯಾರ ಸಾಧನೆ ಎಂಬುದರ ಸುತ್ತಲೇ. ಕಾಲೇಜಿಗೆಂದು ಗುರುತಿಸಿದ ಸೇಡಿಯಾಪಿನ ಜಾಗದಲ್ಲಿ ಕಟ್ಟಡ ಏಳಲಿ, ಸಂತೋಷ. ಆದರೆ ಪಕ್ಕದ ಕಡಬದಲ್ಲಿ ಬೀಡಿ ಕಟ್ಟುವ ಹೆಂಗಸಿಗೆ ಇವತ್ತು ಎದೆಯಲ್ಲಿ ಗಂಟು ಸಿಕ್ಕಿದರೆ ಅದು ಶಂಕುಸ್ಥಾಪನೆಗೆ ಕಾಯುವುದಿಲ್ಲ.

ಇಂಥ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಹರೆಯದವರಲ್ಲಿ ಬೆರಳಿಗೆ ಸಿಕ್ಕಿ ಜಾರುವ ಫೈಬ್ರೊಅಡಿನೋಮ, ನಡುವಯಸ್ಸಿನಲ್ಲಿ ನೀರು ತುಂಬಿದ ಸಿಸ್ಟ್ ಸಾಮಾನ್ಯ. ಗಂಟು ಗಟ್ಟಿಯಿದ್ದು, ಚರ್ಮ ಒಳಗೆ ಸೇದಿಕೊಂಡು, ತೊಟ್ಟಿನಿಂದ ರಕ್ತ ಒಸರಿದರೆ ಸಂಶಯ ಬಲವಾಗುತ್ತದೆ. ಆದರೂ ಕೈಯಲ್ಲಿ ಮುಟ್ಟಿ ತೀರ್ಮಾನ ಹೇಳುವಂತಿಲ್ಲ. ವೈದ್ಯರ ಪರೀಕ್ಷೆ, ಸ್ಕ್ಯಾನಿಂಗ್ ಅಥವಾ ಮ್ಯಾಮೊಗ್ರಾಂ, ಸೂಜಿಯಿಂದ ತೆಗೆದ ಚೂರಿನ ಬಯಾಪ್ಸಿ, ಈ ಮೂರೂ ತಾಳೆಯಾಗಬೇಕು. ನೋವಿಲ್ಲವೆಂದು ಲೇಪ ಹಚ್ಚಿ ಕೂರುವುದು ಅಪಾಯ. ಕ್ಯಾನ್ಸರಿನ ಗಂಟು ಶುರುವಿಗೆ ಹೆಚ್ಚಾಗಿ ನೋಯುವುದೇ ಇಲ್ಲ.

ರಾಜ್ಯ ಸರಕಾರದ 'ಗೃಹ ಆರೋಗ್ಯ' ಯೋಜನೆಯಲ್ಲಿ 30 ದಾಟಿದವರ ತಪಾಸಣೆ ಮನೆಬಾಗಿಲಿಗೇ ಬಂದಿದೆ, ಸ್ತನ ಕ್ಯಾನ್ಸರೂ ಪಟ್ಟಿಯಲ್ಲಿದೆ. ಇದನ್ನು ಹಗುರ ಮಾಡುವವರಿಗೆ ಒಂದು ಮಾತು: ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಒಂದೂವರೆ ಲಕ್ಷ ಹೆಂಗಸರ ಮೇಲೆ ನಡೆಸಿದ ಅಧ್ಯಯನದಲ್ಲಿ, ತರಬೇತಾದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದ್ದಷ್ಟರಿಂದಲೇ 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ. 30ರಷ್ಟು ತಗ್ಗಿತ್ತು.

ಸರಿ, ಗಂಟು ಸಿಕ್ಕಿತು. ಆಮೇಲೆ? ಆಯುಷ್ಮಾನ್ ಕಾರ್ಡಿನ 5 ಲಕ್ಷ ಇರುವುದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರ ಚಿಕಿತ್ಸೆಗೆ. ಹೊರರೋಗಿಯಾಗಿ ಮಾಡಿಸುವ ಪರೀಕ್ಷೆ, ಬಸ್ಸಿನ ಖರ್ಚು, ತಪ್ಪಿದ ದಿನಗೂಲಿ ಆ ಹೆಂಗಸಿನ ತಲೆಗೇ. ರೋಗವೆಂದು ಖಚಿತವಾದರೆ ಸರಕಾರ ಕೊಡುತ್ತದೆ, ಖಚಿತಪಡಿಸಿಕೊಳ್ಳುವ ಖರ್ಚು ಬಡವಿಯದು. ಇದೆಂಥ ಲೆಕ್ಕ?

ಸುಳ್ಯದಲ್ಲಿ ಕೆವಿಜಿ ಮೆಡಿಕಲ್ ಕಾಲೇಜು ಇದೆಯಲ್ಲ ಎನ್ನುವವರಿದ್ದಾರೆ. ಇದೆ. ಆದರೆ ಅದು ಖಾಸಗಿ. ಅದನ್ನು ತೋರಿಸಿ ಸರಕಾರ ಹೊಣೆ ಜಾರಿಸಿಕೊಳ್ಳುವಂತಿಲ್ಲ. ಬೇಕಿದ್ದರೆ ಬಯಾಪ್ಸಿ ಮಾದರಿಗಳನ್ನು ಅಲ್ಲಿಗೋ ಮಂಗಳೂರಿಗೋ ಕಳಿಸಲಿ, ಬಿಲ್ ಸರಕಾರ ಕಟ್ಟಲಿ. ಪ್ರಯಾಣ ಮಾಡಬೇಕಾದ್ದು ಶೀಶೆ, ಹೆಂಗಸಲ್ಲ.

ಪುತ್ತೂರು, ಸುಳ್ಯ, ಕಡಬದ ಸರಕಾರಿ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಗಂಟಿನ ತಪಾಸಣೆಗೇ ಮೀಸಲಿಡಲಿ, ಬಯಾಪ್ಸಿ ಉಚಿತವಾಗಲಿ. ಎಷ್ಟು ಗಂಟು ಪತ್ತೆಯಾಯಿತು, ಎಷ್ಟಕ್ಕೆ ಬಯಾಪ್ಸಿ ಆಯಿತು, ವರದಿಗೆ ಎಷ್ಟು ದಿನ ಹಿಡಿಯಿತು ಎಂಬುದನ್ನು ತಿಂಗಳು ತಿಂಗಳು ಪ್ರಕಟಿಸಲಿ. ಮುಂದಿನ ಗ್ರಾಮಸಭೆಗೆ ಹೋಗುವವರು ಕಾಲೇಜಿನ ಜೊತೆ ಈ ಮೂರು ಲೆಕ್ಕವನ್ನೂ ಕೇಳಿ.