ಚೋಮನಿಗೆ ಸ್ವರ್ಣಕಮಲ, ಉಳಲಿಕ್ಕೆ ಗೇಣು ನೆಲವಿಲ್ಲ



ಬಿ.ವಿ. ಕಾರಂತರ 'ಚೋಮನ ದುಡಿ' ಚಿತ್ರ 1975ರದು. ತುರ್ತುಪರಿಸ್ಥಿತಿ ಬಂದದ್ದೂ ಅದೇ ವರ್ಷದ ಜೂನ್ 25ಕ್ಕೆ. ಬಾಯಿ ಬಿಟ್ಟವರನ್ನು ಮೀಸಾ ಹಾಕಿ ಜೈಲಿಗೆ ತಳ್ಳಿದ ಸರ್ಕಾರವೇ ಚೋಮನಿಗೆ ಸ್ವರ್ಣಕಮಲ ಕೊಟ್ಟಿತು. ಯಾಕೆ? ನನಗೆ ತೋಚೋದು ಇಷ್ಟೇ: ಚೋಮ ಒಡೆಯನ ಮೇಲೆ ಕೈಯೆತ್ತಲಿಲ್ಲ. ಬಾಗಿಲು ಹಾಕ್ಕೊಂಡು ದುಡಿ ಬಡಿದು ಬಡಿದು ಸತ್ತ. ಒಳಗೊಳಗೇ ಸಾಯೋ ಸಿಟ್ಟು ಯಾವ ಸರ್ವಾಧಿಕಾರಿಗೆ ಬೇಡ?

ಉಳಬೇಕೆಂಬ ಚೋಮನ ಹಟವನ್ನು ಹುಚ್ಚು ಅಂತಾರೆ. ಹತ್ತು ಎಕರೆಯವನು ಇನ್ನೂ ಹತ್ತು ಬಯಸಿದರೆ ಅದು ಏಳಿಗೆ. ಹೊಲೆಯ ಒಂದು ತುಂಡು ಕೇಳಿದರೆ ಹುಚ್ಚಾ? ಅವನ ಮಗ ನೀಲ ಹೊಳೆಯಲ್ಲಿ ಮುಳುಗುವಾಗ, ಮುಟ್ಟಿದರೆ ಮೈಲಿಗೆ ಅಂತ ದಡದಲ್ಲೇ ನಿಂತರಲ್ಲ, ಹುಚ್ಚು ಅವರದು.

ಇಪ್ಪತ್ತೊಂದು ತಿಂಗಳ ಆ ಕತ್ತಲನ್ನು ನಾನು ಸಣ್ಣದು ಮಾಡೋಲ್ಲ. 'ಸಂಸ್ಕಾರ'ದ ಚಂದ್ರಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಜೈಲಿನಲ್ಲಿ ಉಬ್ಬಸದಿಂದ ನವೆದು, ಹೊರಬಂದ ಕೆಲವೇ ದಿನಕ್ಕೆ, 1977ರ ಜನವರಿ 20ರಂದು ತೀರಿಕೊಂಡರು. ಅವರ ಸಾವು ನಮ್ಮದೂ ಹೌದು. ಆದರೆ ಕೇರಿಯ ಸರ್ವಾಧಿಕಾರಕ್ಕೆ ಶುರುವಾದ ತಾರೀಖಿಲ್ಲ, ಮುಗಿದ ತಾರೀಖೂ ಇಲ್ಲ.

'ತುರ್ತುಪರಿಸ್ಥಿತಿ ಬಡವರಿಗೆ ಒಳ್ಳೇದೇ ಮಾಡ್ತು, ಜೀತ ಬಿಡಿಸ್ತು' ಅನ್ನೋರು ಅರಕಲಗೂಡಿನ ಹೋಟೆಲಿನಲ್ಲೂ ಸಿಗ್ತಾರೆ. ಹೌದು, ಜೀತ ರದ್ದಿನ ಸುಗ್ರೀವಾಜ್ಞೆ 1975ರ ಅಕ್ಟೋಬರಿನದು. ಆದರೆ ಬಿಡುಗಡೆಯಾದ ಆಳು ನಾಲ್ಕು ಜನರನ್ನು ಸೇರಿಸಿ ಕೂಲಿ ಕೇಳಹೋದರೆ ಜೈಲಿನ ಭಯ. ಕಾಲಿನ ಹಗ್ಗ ಬಿಚ್ಚಿ ಬಾಯಿ ಹೊಲಿಯೋದು ಬಿಡುಗಡೆಯಾ?

ಅರಸು ಸರ್ಕಾರದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಯಾಯಿತು. ಉಳುವವನೇ ಹೊಲದೊಡೆಯ! ಎಷ್ಟೋ ಗೇಣಿದಾರರು ಒಡೆಯರಾದರು, ಸಂತೋಷ. ಚೋಮ ಗೇಣಿದಾರನಲ್ಲ, ಜೀತದಾಳು. ನೇಗಿಲು ಹೂಡಲಿಕ್ಕೇ ಬಿಡದವನು ಉಳುವವನು ಹೇಗಾದಾನು? ಯಾವ ಗೇಣಿ ಚೀಟಿ ಹಿಡಿದು ಅರ್ಜಿ ಹಾಕ್ಯಾನು? 2020ರ ತಿದ್ದುಪಡಿಯಂತೂ ಬೇಸಾಯವೇ ಗೊತ್ತಿಲ್ಲದ ದುಡ್ಡಿನವನಿಗೂ ಜಮೀನಿನ ಬಾಗಿಲು ತೆರೆಯಿತು. ಚೋಮ ಬಾಗಿಲಾಚೆಯೇ ನಿಂತಿದ್ದಾನೆ.

ಮೇಷ್ಟ್ರೇ, ಈ ಚಿತ್ರವನ್ನು ಮಕ್ಕಳಿಗೆ ತೋರಿಸಿ. ಅಳಲಿ. ಅಳು ನಿಂತ ಮೇಲೆ ಕೇಳಿ: ಈ ಊರಿನ ಪಹಣಿಯಲ್ಲಿ ಕೇರಿಯವರ ಹೆಸರು ಎಷ್ಟಿವೆ?

ದುಡಿ ಬಡಿಯೋಣ. ಬಾಗಿಲು ಹಾಕ್ಕೊಂಡಲ್ಲ, ತಾಲ್ಲೂಕು ಕಚೇರಿ ಮುಂದೆ.